ತಿದ್ದಿದವರು ಅಮರೇಶ್

ಅಕ್ಷರದ ನೆತ್ತಿಯ ಮೇಲೆ ಎರಡು ಚುಕ್ಕಿ ಇರಬೇಕಿತ್ತು, ಇಲ್ಲ, ಅಕ್ಷರವೇ ಇಲ್ಲ, ಅಲ್ಲೊಂದು ಪ್ರಶ್ನೆ ಚಿಹ್ನೆ, ಕೆಳಗಿನ ಸಾಲಿನಲ್ಲೂ ಅದೇ, ಸೌಮ್ಯಾ ಮೌಸ್ ಎಳೆದಳು, ಎಳೆದಷ್ಟೂ ಅದೇ, ಪ್ರತಿ ಸಾಲಿನ ತುದಿಗೂ ತಿದ್ದಿದವರು ಅಮರೇಶ್ — ಗಿರಾಕಿ ಕಂಪನಿಯ ಪಟ್ಟಿಯ ನಾಲ್ಕು ಸಾವಿರ ಜರ್ಮನ್ ಹಾಡುಗಳು, ಹಾಡಿದವರ ಹೆಸರು, ಹಾಡಿನ ಹೆಸರು, ಎಲ್ಲದರ ಚುಕ್ಕಿಯನ್ನೂ ಒಂದೇ ಏಟಿಗೆ ಸರಿಮಾಡುತ್ತೇನೆಂದು ಹೊರಟು ತಪ್ಪು ಫಾರ್ಮ್ಯಾಟ್‌ನಲ್ಲಿ ಸೇವ್ ಒತ್ತಿದ್ದು ಅಮರೇಶ್ ಅಲ್ಲ, ಅವಳು, ಊಟಕ್ಕೆ ಮುಂಚೆ, ಜಾಣತನ ತೋರಿಸಲು ಹೋಗಿ, ಮೂಲ ಪ್ರತಿಯನ್ನೂ ಎತ್ತಿಡದೆ, ಮೊದಲು ಹತ್ತು ಹಾಡಿನ ಮೇಲೆ ನೋಡಬಾರದಿತ್ತೇ, ಅನ್ನ ಬೆಂದಿದೆಯೋ ಎಂದು ಅಮ್ಮ ಒಂದಗುಳು ಹಿಚುಕಿ ನೋಡುತ್ತಾಳಲ್ಲ, ಅಷ್ಟೂ ಬುದ್ಧಿ ಬೇಡವೇ. ಏಸಿ ಗಾಳಿ ಕುತ್ತಿಗೆಗೆ ಹೊಡೆಯುತ್ತಿದೆ, ಬೆವರು ಮಾತ್ರ ಆರುತ್ತಿಲ್ಲ, ಕಿಟಕಿಯಾಚೆ ಮೆಟ್ರೊ ಕಾಡುಗೋಡಿಯತ್ತ ಹೋಗುತ್ತಿದೆ, ಅದರಲ್ಲಿ ಕೂತವರೆಲ್ಲ ಪುಣ್ಯವಂತರು — ಗಾಜಿನ ಕೋಣೆಯಲ್ಲಿ ಟೀಮ್ ಲೀಡ್ ಶಶಿಕುಮಾರ್ ಫೋನಿಗೆ ಕೂಗುತ್ತಿದ್ದಾರೆ, ಯಾರ್ ಐಡಿ ಅಂತ ನೋಡ್ರೀ, ನಾಳೆಯಿಂದ ಅವ್ರು ಬರೋದೇ ಬೇಡ, ಐಡಿ, ಅವಳಿಗೆ ಐಡಿಯೇ ಇಲ್ಲ, ಸೇರಿ ಐದು ವಾರವಾದರೂ ಬಂದಿಲ್ಲ, ನಿಯಮಕ್ಕೆ ವಿರುದ್ಧವಾದರೂ ಇಲ್ಲಿ ಹೊಸಬರೆಲ್ಲ ಪಕ್ಕದವರ ಐಡಿಯಲ್ಲೇ ದುಡಿಯುವುದು, ನನ್ ಐಡಿಲೇ ಮಾಡವ್ವಾ, ಏನ್ ಆಗೂದಿಲ್ಲ, ಎಂದಿದ್ದ ಸಿಂಧನೂರಿನ ಅಮರೇಶಣ್ಣ, ಪಾಸ್‌ವರ್ಡ್ ಬರೆದ ಚೀಟಿಯನ್ನು ಕೀಬೋರ್ಡ್ ಅಡಿಗೆ ತಳ್ಳಿ ಮನೆಯಿಂದಲೇ ಕೆಲಸ ಎಂದು ಆಫೀಸಿಗೆ ಹೇಳಿ ಮಗಳ ಜವಳಕ್ಕೆಂದು ಊರಿಗೆ ಹೋದವನು. ಹೇಳಿಬಿಡಲೇ, ಸಾರ್ ನಾನ್ ಮಾಡಿದ್ದು — ಹೇಳಿದರೆ ಐಡಿ ಕೊಟ್ಟ ತಪ್ಪಿಗೆ ಅವನೂ ಹೋಗುತ್ತಾನೆ, ಹೇಳದಿದ್ದರೆ ಅವನೊಬ್ಬನೇ, ಅತ್ತ ದರಿ ಇತ್ತ ಪುಲಿ, ಎರಡು ಕಡೆಗೂ ಬೀಳುವವನು ಮಾತ್ರ ಅಮರೇಶಣ್ಣ, ಹಾಗಿದ್ದ ಮೇಲೆ ಹೇಳಿ ಏನು ಬಂತು ಎಂದು ಮನಸ್ಸಿನ ಯಾವುದೋ ಮೂಲೆ ಆಗಲೇ ಪಿಸುಗುಟ್ಟಿತಲ್ಲ, ಥೂ, ಇಂಥವಳೇ ನಾನು, ನಾಚಿಕೆಯಾಗುತ್ತದೆ. ಫೋನ್ ನಡುಗಿತು, ಫೋಟೊ, ನುಣ್ಣಗೆ ಬೋಳಿಸಿದ ಪುಟ್ಟ ತಲೆ, ತಲೆ ತುಂಬ ಗಂಧ, ಕೆಳಗೆ ಅವನದೇ ಮಾತು, ತಂಗೀ, ನಿನ್ ಪಾಲಿನ ಪ್ರಸಾದ ತೆಗ್ದಿಟ್ಟೀನಿ. ಏಳಬೇಕು, ಗಾಜಿನ ಬಾಗಿಲಿಗೆ ಎಂಟೇ ಹೆಜ್ಜೆ, ಏಳಬೇಕು, ಕುರ್ಚಿಯ ಕೈ ಹಿಡಿದಳು, ಕಣ್ಣು ಪರದೆ ಬಿಡಲೊಲ್ಲದು, ತಿದ್ದಿದವರು ಅಮರೇಶ್, ಅದರ ಕೆಳಗೆ ತಿದ್ದಿದವರು ಅಮರೇಶ್, ಅದರ ಕೆಳಗೆ — ತಿದ್ದಿದವರು ಅಮರೇಶ್