ಬೀಗ ಹಾಕದ ಮನೆಗಳ ಲೆಕ್ಕ

ಬೆಳಗಿನ ಐದೂಕಾಲರ ಬಸ್ಸಿನಲ್ಲಿ ನಮ್ಮೂರಿನವರು ಕೂತುಕೊಂಡು ಹೋದದ್ದನ್ನು ನಾನಂತೂ ಕಂಡಿಲ್ಲ. ರಾಬರ್ಟ್‌ಸನ್‌ಪೇಟೆ ಬಿಡುವಾಗಲೇ ಸೀಟು ತುಂಬಿರುತ್ತಿತ್ತು. ನಮ್ಮ ಚೌಡೇನಹಳ್ಳಿ ಗೇಟಿಗೆ ಬರುವಷ್ಟರಲ್ಲಿ ಕಂಡಕ್ಟರ್ ಕುಪ್ಪುಸ್ವಾಮಿ ತಮಿಳು, ತೆಲುಗು, ಕನ್ನಡ ಮೂರರಲ್ಲೂ ಒಳಗೆ ಸರಿಯಿರಿ ಎಂದು ಬೈದು ಸುಸ್ತಾಗಿರುತ್ತಿದ್ದ. ಆದರೂ ನಾವು ಹತ್ತುತ್ತಿದ್ದೆವು. ಬಂಗಾರಪೇಟೆ ಸ್ಟೇಷನ್ನಿನಲ್ಲಿ ಬೆಂಗಳೂರಿನ ರೈಲು ಹಿಡಿಯಬೇಕಾದರೆ ಆ ಬಸ್ಸೇ ಗತಿ. ಷೇರ್ ಆಟೋದವರು ಏಳುವ ಹೊತ್ತಿಗೆ ನಮ್ಮ ರೈಲು ಮಾಲೂರು ದಾಟಿರುತ್ತದೆ.

ನಾನು ವೈಟ್‌ಫೀಲ್ಡಿನ ಒಂದು ಕಂಪನಿಯ ಕ್ಯಾಂಟೀನಿನಲ್ಲಿ ತರಕಾರಿ ಹೆಚ್ಚುತ್ತಿದ್ದೆ. ಆ ಕೆಲಸ ನನಗೆ ಇಷ್ಟವಿತ್ತು, ನಗಬೇಡಿ. ಅಲ್ಲಿ ಎಲ್ಲರೂ ನನ್ನನ್ನು ಆಶಾರಾಣಿ ಎಂದು ಪೂರ್ತಿ ಹೆಸರು ಹಿಡಿದು ಕರೆಯುತ್ತಿದ್ದರು. ಮನೆಯಲ್ಲಿ ನನಗೆ 'ಲೇ' ಅನ್ನುವುದೊಂದೇ ಹೆಸರು. ಗಂಡ ಲಾರಿ ಓಡಿಸುತ್ತಾನೆ, ಬಂದಾಗ ಬಂದ, ಕೊಟ್ಟಾಗ ಕೊಟ್ಟ. ನಮ್ಮ ಮನೆ ಒಲೆ ಉರಿಯುತ್ತಿದ್ದದ್ದು ನನ್ನ ಸಂಬಳದಿಂದ.

ಒಂದು ದಿನ ಬಸ್ಸಿನೊಳಗೆ ಒಂದು ಚೀಟಿ ಅಂಟಿಸಿದ್ದರು. ಯಾವ ಬಸ್ಸು ಜನಕ್ಕೆ ಬೇಕು, ಯಾವುದು ಬೇಡ ಎಂದು ಮನೆಮನೆಗೆ ಬಂದು ಕೇಳುತ್ತಾರಂತೆ, ಸಹಕರಿಸಬೇಕಂತೆ. ನಮಗೆಲ್ಲ ಎಷ್ಟು ಖುಷಿಯಾಯಿತು ಅಂತೀರಿ. ಅಂತೂ ನಮ್ಮನ್ನು ಎಣಿಸಲಿಕ್ಕೆ ಒಬ್ಬರು ಬರುತ್ತಿದ್ದಾರೆ, ಇನ್ನೊಂದು ಬಸ್ಸು ಬಿಟ್ಟರೂ ಬಿಟ್ಟಾರು ಅಂದುಕೊಂಡೆವು.

ಸರ್ವೆಗೆ ಬಂದವಳು ಕೋಲಾರದ ಕಡೆಯ ಹುಡುಗಿ, ಭಾನುಪ್ರಿಯ ಅಂತ. ಬಂದದ್ದು ಹಗಲು ಹನ್ನೊಂದು ಗಂಟೆಗೆ. ಅವಳಿಗೆ ಕೊಟ್ಟಿದ್ದ ನಿಯಮ ಸುಲಭದ್ದು: ಏಳು ಮನೆಗೆ ಒಂದು ಮನೆ ಕೇಳಬೇಕು, ಅದಕ್ಕೆ ಬೀಗ ಇದ್ದರೆ ಪಕ್ಕದ್ದು, ಅದಕ್ಕೂ ಬೀಗ ಇದ್ದರೆ ಅದರ ಪಕ್ಕದ್ದು. ನಮ್ಮೂರಿನಲ್ಲಿ ಹಗಲು ಹೊತ್ತು ಬೀಗ ಬಿದ್ದಿದೆ ಎಂದರೆ ಆ ಮನೆಯವರು ಐದೂಕಾಲಕ್ಕೆ ಹೋಗಿದ್ದಾರೆ ಎಂದೇ ಅರ್ಥ. ಹೀಗೆ ಬೀಗಗಳನ್ನು ದಾಟಿಕೊಂಡು ದಾಟಿಕೊಂಡು ಆ ಹುಡುಗಿ ಬಂದು ನಿಂತದ್ದು ನಮ್ಮ ಮನೆ ಜಗಲಿಗೆ. ಅಲ್ಲಿ ನಮ್ಮ ಅತ್ತೆ ಅಮ್ಮಾಜಮ್ಮನವರು ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಹಾಳೂರಿಗೆ ಉಳಿದವನೇ ಗೌಡ. ಅವತ್ತು ಇಡೀ ಬೀದಿಗೆ ನಮ್ಮ ಅತ್ತೆಯೇ ಗೌಡರಾದರು.

ರಾತ್ರಿ ನಾನು ಮನೆಗೆ ಬಂದಾಗ ಅತ್ತೆಯ ಮುಖ ಕಳೆಕಳೆಯಾಗಿತ್ತು. ಹುಡುಗಿ ಎಷ್ಟು ಒಳ್ಳೆಯವಳು, ತೆಲುಗಿನಲ್ಲೇ ಮಾತಾಡಿದಳು, ಎರಡು ಲೋಟ ಕಾಫಿ ಕುಡಿದಳು ಎಂದೆಲ್ಲ ಹೇಳಿದರು. ಕೇಳಿದ್ದಕ್ಕೆಲ್ಲ ಏನು ಹೇಳಿದಿರಿ ಎಂದೆ. ಎಲ್ಲದಕ್ಕೂ ಇಲ್ಲ ಅಂದೆ ಎಂದರು. ಟಿವಿ ಇಲ್ಲ. ಒಳಗೆ ಧಾರಾವಾಹಿ ಓಡುತ್ತಿತ್ತಂತೆ, ಆದರೂ ಇಲ್ಲ. ಗಾಡಿ ಇಲ್ಲ. ದುಡಿಯುವವರು ಇಲ್ಲ. ಬೆಳಗಿನ ಬಸ್ಸಿಗೆ ಹೋಗುವವರು ಯಾರೂ ಇಲ್ಲ. ಬಸ್ಸು ನಿಂತರೆ ತೊಂದರೆಯೂ ಇಲ್ಲ.

ನನಗೆ ಮೈಯೆಲ್ಲ ಉರಿದುಹೋಯಿತು. ನಾನೇನು ಈ ಮನೆಯಲ್ಲಿ ಇಲ್ಲವೇ ಎಂದು ಕೂಗಿದೆ.

"ಬರ್ಕೊಂಡು ಓಗೋರ ಮುಂದೆ ಐತೆ ಅನ್ನಬಾರ್ದು ಕಣೇ," ಎಂದರು ಅತ್ತೆ, ನನಗೇ ಬುದ್ಧಿ ಹೇಳುವವರ ಹಾಗೆ. "ಆ ಎದುರ್ಮನೆ ಕನಕಮ್ಮ ಮಗನ ಬೈಕು ಐತೆ ಅಂದ್ಲು. ಮಾರನೇ ತಿಂಗ್ಳೇ ರೇಷನ್ ಕಾರ್ಡು ಓಯ್ತು. ಸೊಸೆ ದುಡೀತಾಳೆ ಅಂತ ನಾನು ಬಾಯಿಬಿಟ್ರೆ ಅಕ್ಕಿ ಯಾರು ಕೊಡ್ತಾರೆ, ಆ ಹುಡುಗಿ ಕೊಡ್ತಾಳಾ?"

ಊರಿನಲ್ಲಿ ಬಾಗಿಲು ತೆಗೆದಿದ್ದ ಮನೆಗಳವರೆಲ್ಲ ಇದೇ ಬುದ್ಧಿವಂತಿಕೆ ತೋರಿಸಿದ್ದರು.

ಬೆಳಗಿನ ಬಸ್ಸು ಈ ದಾರಿಯಲ್ಲಿ ಯಾರಿಗೂ ಬೇಡ ಎಂದು ಸರ್ವೆಯಲ್ಲಿ ಬಂದಿದೆಯಂತೆ, ಮುಂದಿನ ತಿಂಗಳು ಬಸ್ಸು ನಿಲ್ಲುತ್ತದೆ ಎಂದು ಕುಪ್ಪುಸ್ವಾಮಿ ಹೇಳಿದ. ನಾನು ಒಂದು ದಿನದ ರಜ ಹಾಕಿ ರಾಬರ್ಟ್‌ಸನ್‌ಪೇಟೆಗೆ ಹೋದೆ. ಸರ್ವೆಯವರು ಅಲ್ಲಿ ಬೇಕರಿಯ ಮೇಲೊಂದು ರೂಮು ಮಾಡಿದ್ದರು. ಸೂಪರ್‌ವೈಸರ್ ವೆಂಕಟಸ್ವಾಮಿ ಬಹಳ ಮರ್ಯಾದಸ್ಥ, ಕುರ್ಚಿ ಕೊಟ್ಟು ನೀರು ಕೊಟ್ಟು ಕೂರಿಸಿದರು. ಬೀಗ ಇದ್ದ ಮನೆಗಳ ಗತಿ ಏನು ಎಂದು ಕೇಳಿದೆ. ಅವುಗಳ ಬದಲು ಬೇರೆ ಮನೆ ತೆಗೆದುಕೊಂಡಿದ್ದೇವೆ, ನಿಮ್ಮೂರಿನ ಲೆಕ್ಕದಲ್ಲಿ ಒಂದು ಮನೆಯೂ ಕಮ್ಮಿ ಬಿದ್ದಿಲ್ಲ ಎಂದು ಹೆಮ್ಮೆಯಿಂದ ಹೇಳಿದರು. ಹಾಗಾದರೆ ನಾನೇ ಬಂದಿದ್ದೇನಲ್ಲ, ನನ್ನನ್ನು ಬರೆದುಕೊಳ್ಳಿ ಎಂದೆ.

"ನೀವಾಗಿ ನೀವೇ ಬಂದಿದ್ದೀರಿ ಮೇಡಂ, ಅದಕ್ಕೇ ಸೇರಿಸೋಕಾಗಲ್ಲ," ಎಂದರು ವೆಂಕಟಸ್ವಾಮಿ. "ತೊಂದರೆ ಇರೋರು ಮಾತ್ರ ಹುಡುಕಿಕೊಂಡು ಬರ್ತಾರೆ. ಅವರನ್ನೇ ಎಣಿಸ್ತಾ ಹೋದ್ರೆ ಸರ್ವೆ ಒಂದು ಕಡೆಗೆ ವಾಲಿಬಿಡುತ್ತೆ."

ಒಂದು ಬೆಳಿಗ್ಗೆ ಬಸ್ಸಿಗೇ ಬಂದು ನೋಡಿ ಸ್ವಾಮಿ ಎಂದೆ. ಅವರಿಗೆ ನನ್ನನ್ನು ಕಂಡು ಪಾಪ ಅನ್ನಿಸಿರಬೇಕು, ಮೆತ್ತಗೆ ನಕ್ಕರು.

"ಬಸ್ಸಲ್ಲಿ ಇರೋರನ್ನ ಕೇಳಿದ್ರೆ ಬಸ್ಸು ಬೇಕು ಅಂತಾನೇ ಅಲ್ವಾ ಅನ್ನೋದು?"

ಕೆಳಗಿಳಿದು ಬಂದೆ. ಅವರ ಮಾತಿನಲ್ಲಿ ಎಲ್ಲೋ ನ್ಯಾಯ ಇದೆ ಅಂತಲೂ ಅನ್ನಿಸುತ್ತಿತ್ತು, ಅದೇ ನನ್ನ ಹೊಟ್ಟೆ ಉರಿಸಿದ್ದು. ಮನೆಯಲ್ಲಿದ್ದವರನ್ನು ಕೇಳಿದರೆ ಅದು ಊರಿನ ಅಭಿಪ್ರಾಯ, ಬಸ್ಸಿನಲ್ಲಿದ್ದವರನ್ನು ಕೇಳಿದರೆ ಅದು ಸ್ವಾರ್ಥ.

ಹೇಳಿದ ಹಾಗೇ ಬಸ್ಸು ನಿಂತಿತು. ಸ್ವಲ್ಪ ದಿನ ಯಾರಾದರೂ ಬೈಕಿನವರ ಕಾಲು ಹಿಡಿದು ಸ್ಟೇಷನ್ ಸೇರಿದೆ. ಅವರಿಗೂ ಬೇಜಾರು ಬಂತು. ಆಮೇಲೆ ಮುಂದಿನ ರೈಲಿಗೆ ಹೋಗತೊಡಗಿದೆ. ಕ್ಯಾಂಟೀನಿನವರು ಕೆಟ್ಟವರಲ್ಲ, ಒಂದಷ್ಟು ದಿನ ತಡೆದುಕೊಂಡರು. ಆದರೆ ಮಧ್ಯಾಹ್ನದ ಊಟದ ತರಕಾರಿಯನ್ನು ಮಧ್ಯಾಹ್ನ ಹೆಚ್ಚಿದರೆ ನಡೆಯುವುದಿಲ್ಲವಲ್ಲ. ಆಶಾರಾಣಿ, ಬೇರೆ ಕಡೆ ನೋಡಿಕೊಳ್ಳಮ್ಮ ಎಂದರು. ಅವತ್ತೂ ಪೂರ್ತಿ ಹೆಸರು ಹಿಡಿದೇ ಕರೆದರು. ವಾಪಸ್ಸು ರೈಲಿನಲ್ಲಿ ಕಿಟಕಿಗೆ ಮುಖ ಕೊಟ್ಟು ಬಂಗಾರಪೇಟೆಯವರೆಗೂ ಅಳುತ್ತಲೇ ಬಂದೆ.

ಮಾರನೆಯ ದಿನದಿಂದ ಅತ್ತೆಯ ತಟ್ಟೆಯಲ್ಲಿ ಮುದ್ದೆ ಸಣ್ಣದಾಗುತ್ತಾ ಬಂತು. ಹಸಿವಿಲ್ಲ ಅನ್ನುತ್ತಿದ್ದರು. ಇಲ್ಲ ಅನ್ನುವುದು ಅವರಿಗೆ ರೂಢಿಯಾಗಿತ್ತು.

ಭಾನುಪ್ರಿಯ ಮತ್ತೆ ಬಂದಳು. ಬಸ್ಸು ನಿಂತ ಮೇಲೆ ಊರಿನ ಪರಿಸ್ಥಿತಿ ಹೇಗಿದೆ ಎಂದು ಅದೇ ಮನೆಗಳಲ್ಲಿ ಕೇಳಬೇಕಂತೆ. ಈಗ ಬೀದಿಯಲ್ಲಿ ಬೀಗಗಳು ಕಡಿಮೆ. ಬೆಂಗಳೂರಿನಲ್ಲೇ ರೂಮು ಮಾಡಿ ಹೋದವರದಷ್ಟೇ ಇತ್ತು. ಅವಳು ಟ್ಯಾಬ್ ತೆರೆದು ಮೊದಲ ಪ್ರಶ್ನೆ ಓದಿದಳು: ಈ ಮನೆಯಿಂದ ಬೆಳಿಗ್ಗೆ ಬಂಗಾರಪೇಟೆ ಕಡೆಗೆ ಕೆಲಸಕ್ಕೆ ಹೋಗುವವರು ಇದ್ದಾರೆಯೇ?

"ಅವ್ಳೆ," ಎಂದರು ಅತ್ತೆ, ಅವಳು ಓದಿ ಮುಗಿಸುವ ಮುಂಚೆಯೇ. "ನಮ್ ಸೊಸೆ ಓಗ್ತಾಳೆ. ದಿನಾ ಐದೂಕಾಲಕ್ಕೆ. ಬರ್ಕೋ ತಾಯಿ. ಕಾರ್ಡು ಓದ್ರೆ ಓಗ್ಲಿ."

ನಾನು ಅಲ್ಲೇ ಬಾಗಿಲಲ್ಲಿ ಮೊರ ಹಿಡಿದು ರಾಗಿ ಕೇರುತ್ತಾ ನಿಂತಿದ್ದೆ. ಹಗಲು ಹನ್ನೊಂದು ಗಂಟೆ. ಭಾನುಪ್ರಿಯ ಅತ್ತೆಯ ಮುಖ ನೋಡಿದಳು, ನನ್ನ ಮುಖ ನೋಡಿದಳು, ಯಾವುದು ಹಾಕಲಿ ಅಕ್ಕ ಎಂದು ಕೇಳಿದಳು. ಅತ್ತೆ ನನ್ನ ಕಡೆ ತಿರುಗಲೇ ಇಲ್ಲ. ಬರೆದುಕೊಳ್ಳುವವರ ಮುಂದೆ ಜೀವಮಾನದಲ್ಲಿ ಮೊದಲ ಸಲ 'ಇದೆ' ಅಂದಿದ್ದರು, ಅದೂ ನನಗೋಸ್ಕರ. ಮುದುಕಿಯನ್ನು ತಬ್ಬಿಕೊಳ್ಳಬೇಕು ಅನ್ನಿಸಿತು.

"ಇಲ್ಲ ಅಂತ್ಲೇ ಹಾಕಮ್ಮ," ಎಂದೆ. "ಈ ಸಲ ಅದೇ ನಿಜ."

ಅವಳು ಹಾಕಿಕೊಂಡಳು. ಟ್ಯಾಬ್‌ನಲ್ಲಿ ಏನೋ ಹಸಿರು ಗುರುತು ಬಂತು.

"ಹೋದ ಸಲದ ಉತ್ತರಕ್ಕೆ ಸರಿಯಾಗಿ ತಾಳೆಯಾಯ್ತು ಅಕ್ಕ," ಎಂದಳು, ಕಾಫಿ ಲೋಟ ಕೆಳಗಿಡುತ್ತಾ. "ಇನ್ನು ನಿಮಗೆ ತೊಂದರೆ ಕೊಡಲ್ಲ."