ಪೈಪು ಬಡಿಯದ ಸಂಜೆ

ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯವರು ಕಾಲುವೆಗೆ ನೀರು ಬಿಡುವ ಮುಂಚೆ ಸಲಾಕೆಯಿಂದ ಪೈಪು ಬಡಿಯುತ್ತಿದ್ದರು. ಠಣ್ ಎಂದರೆ ಸಾಕು, ಕೆಳಗೆ ಬಟ್ಟೆ ಒಗೆಯುತ್ತಿದ್ದ ನಾವೆಲ್ಲ ಒದ್ದೆ ಬಟ್ಟೆ ಮೇಲೆತ್ತಿಕೊಂಡು ನಿಲ್ಲುತ್ತಿದ್ದೆವು. ಕೆಂಪೋ ನೀಲಿಯೋ ಹರಿದು ಹೋಗುವವರೆಗೆ ಹರಟೆ. ಬಡಿಯುತ್ತಿದ್ದವಳು ನನ್ನ ಸೊಸೆಯೇ. ಹೇಳಿ ನೀರು ಬಿಡುವವರು ಎಲ್ಲಿ ಸಿಗುತ್ತಾರೆ ಎಂದು ನಾವು ಹೊಗಳುವುದೂ ಇತ್ತು.

ಕಾಲುವೆಯಲ್ಲಿ ಆಡುವ ಮೊಮ್ಮಗಳ ಕಾಲಿಗೆ ಬಣ್ಣದ ನೀರಿನಿಂದ ಆದ ಹುಣ್ಣು ಮಾಯದೆ ಹೋದಾಗ ಸೊಸೆಗೆ ತಲೆ ಕೆಟ್ಟಿತು. ಒಂದು ಸಂಜೆ ಅವಳೂ ಜೊತೆಯವರೂ ನೀರು ಬಿಡುವುದಿಲ್ಲ ಎಂದು ಕೂತುಬಿಟ್ಟರು. ಹಿಂದುಗಡೆ ಕಸ ತುಂಬಿಕೊಂಡಿರುವ ಹಳೆಯ ತೊಟ್ಟಿ ತೊಳೆಸಿ, ನೀರನ್ನು ಅಲ್ಲಿ ಸೋಸಿ ತಿಳಿ ಮಾಡಿ ಬಿಡಿ ಎಂದರು. ಯಜಮಾನರು ಗೇಟಿಗೆ ಬೀಗ ಜಡಿದು, "ಹೇಳಿ ಕಳಿಸ್ತೀನಿ, ನಡೀರಿ" ಎಂದರು.

"ಮನೇಲಿ ದುಡಿಯೋಳು ನೀನೊಬ್ಳು. ನಿನ್ನ ಮಾತಿಗೆ ಕಾರ್ಖಾನೆ ಅಲ್ಲಾಡುತ್ತಾ?" ಎಂದು ರೇಗಿದೆ.

"ಅಲ್ಲಾಡಲ್ಲ ಅತ್ತೆ, ನಂಗೂ ಗೊತ್ತು. ಬಾಯಿ ತಡೀಲಿಲ್ಲ, ಅಷ್ಟೇ."

ವಾರ ಕಳೆದ ಮೇಲೆ ಮೇಸ್ತ್ರಿ ಬಂದು ಎಲ್ಲರನ್ನೂ ಕರೆದುಕೊಂಡು ಹೋದ. ಕೆಲಸದಿಂದ ತೆಗೆಯುವುದಕ್ಕೇ ಎಂದುಕೊಂಡೆ.

ಆ ಸಂಜೆ ಬಡಿಯುವ ಹೊತ್ತಾಯಿತು. ರೂಢಿಯಂತೆ ಎಲ್ಲರೂ ಬಟ್ಟೆ ಮೇಲೆತ್ತಿದೆವು. ಸದ್ದಿಲ್ಲ.

"ಮುಗೀತು ಅಕ್ಕಾ, ನಿನ್ನ ಸೊಸೆ ಕೈಯಿಂದ ಸಲಾಕೆ ಕಿತ್ಕೊಂಡ್ರು" ಎಂದಳು ಪಕ್ಕದ ಮನೆಯವಳು. ಸುದ್ದಿ ಹುಟ್ಟುವ ಮೊದಲೇ ಹೇಳುವವಳು, ನಾವು ಅವಳನ್ನು ರೇಡಿಯೊ ಎಂದೇ ಕರೆಯುವುದು.

ಹೆಗಲ ಮೇಲಿದ್ದ ಒದ್ದೆ ಹೊದಿಕೆಯನ್ನು ಕೆಳಗಿಡುವುದೂ ನೆನಪಾಗದೆ ಗೇಟಿಗೆ ಓಡಿದೆ. ಹಿಂದೆಯೇ ರೇಡಿಯೊ. ಸೊಸೆ ಹೊರಗೇ ಗೋಡೆಗೆ ಒರಗಿ ನಿಂತಿದ್ದಳು. ಮುಖದಲ್ಲಿ ರಕ್ತವೇ ಇಲ್ಲ.

"ಕೆಲಸ ಹೋಯ್ತೇನೇ?"

"ಇಲ್ಲ ಅತ್ತೆ. ತೊಟ್ಟಿ ತೊಳೆಸಿದ್ದಾರೆ."

"ಯಾಕಂತೆ?"

"ನಾವು ಕೇಳಿದ್ವಲ್ಲ."

ರೇಡಿಯೊ ಬಿಡುತ್ತಾಳೆಯೇ? "ಸುಳ್ಳು! ಯಾರೋ ದೊಡ್ಡ ಸಾಹೇಬ್ರು ಬಂದು ಗದರಿಸಿರ್ಬೇಕು."

"ಯಾವ ಸಾಹೇಬನೂ ಬಂದಿಲ್ಲಮ್ಮ" ಎಂದ ಗೇಟಿನಲ್ಲಿದ್ದ ಮೇಸ್ತ್ರಿ. "ಬಾಗಿಲು ಹಾಕಿ ಯಜಮಾನ್ರಿಗೂ ಸಾಕಾಯ್ತು, ಬಟ್ಟೆ ಗುಡ್ಡೆ ಬಿದ್ದಿದೆ. ತೊಟ್ಟಿ ವಿಷಯ ಇಷ್ಟು ವರ್ಷ ಯಾರೂ ಕೇಳೇ ಇರ್ಲಿಲ್ವಲ್ಲಯ್ಯಾ ಅಂತ ನನ್ನನ್ನೇ ಬೈದ್ರು."

ಆ ಮಾತಿಗೆ ಸೊಸೆ ಕುಸಿದು ಕೂತಳು. "ದಿನಾ ಬಡೀತಿದ್ನಲ್ಲ ಅತ್ತೆ! ಎತ್ಕೊಳ್ಳಿ, ಎತ್ಕೊಳ್ಳಿ ಅಂತ ನಿಮಗೆ ಬಡಿದು ಬಡಿದು ಹೇಳ್ದೆ. ಒಳಗೆ ಹೋಗಿ ಒಂದು ಮಾತು ಹೇಳ್ಬೇಕು ಅಂತ ಹೊಳೀಲೇ ಇಲ್ವಲ್ಲ. ಮಗು ಕಾಲು..."

ಕೈ ಹಿಡಿದು ಎಬ್ಬಿಸಿಕೊಂಡು ಬಂದೆ.

ಕಾಲುವೆಯಲ್ಲಿ ಎಲ್ಲರೂ ಬಟ್ಟೆ ಎತ್ತಿಕೊಂಡೇ ನಿಂತಿದ್ದರು. ಕಾರ್ಖಾನೆಯ ಪೈಪಿನಿಂದ ನೀರು ಸುರಿಯುತ್ತಿತ್ತು, ಮಡಕೆಯ ನೀರಿನ ಹಾಗೆ ತಿಳಿಯಾಗಿ.

"ಬಡಿಯೋದು ಯಾವಾಗ?" ಎಂದಳೊಬ್ಬಳು.

"ಇನ್ನು ಬಡಿಯಲ್ಲ" ಎಂದಳು ಸೊಸೆ.

ಒಬ್ಬರ ಕೈಯೂ ಇಳಿಯಲಿಲ್ಲ. ಸೊಸೆ ನನ್ನ ಹೆಗಲಿನ ಬಿಳಿ ಹೊದಿಕೆ ಎಳೆದುಕೊಂಡು ನೀರಿಗಿಳಿದು, ಪೈಪಿನ ಬಾಯಿಗೇ ಒಡ್ಡಿದಳು. ಹಿಂಡಿ, ಬಿಡಿಸಿ ಹಿಡಿದಳು. ಬಿಳಿ. ತಿರುಗಿಸಿ ಹಿಡಿದಳು. ಬಿಳಿ.

ಖುಷಿಯಿಂದ ಕೂಗುತ್ತಾರೆ ಎಂದುಕೊಂಡಿದ್ದೆ. ಒಬ್ಬೊಬ್ಬರೇ ಬಂದು ಹೊದಿಕೆಯ ಅಂಚು ಮುಟ್ಟಿ ನೋಡಿದರು. ಕಡೆಗೆ ರೇಡಿಯೊ, ದಂಡೆಯ ಮೇಲೆ ಎಂದೋ ಕೆಟ್ಟು ನಿಂತ ದೀಪದ ಕಂಬದ ಕಡೆ ತಿರುಗಿ, ಎಂದೂ ಇಲ್ಲದಷ್ಟು ಮೆಲ್ಲಗೆ ಕೇಳಿದಳು:

"ಅದನ್ನ ರಿಪೇರಿ ಮಾಡಿ ಅಂತ ಯಾರಾದ್ರೂ ಕೇಳಿದ್ದೀರೇನ್ರೇ?"

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.