ಬೇಲಿಯ ಕಾಡುತೊಂಡೆ

ಅತ್ತೆ ಶಿವಗಂಗವ್ವ ತೀರಿ ಮೂರನೆಯ ದಿನ. ಜುಗೂಳದ ಹೊಳೆದಂಡೆಯ ಕಲ್ಲಿನ ಮೇಲೆ ಎಡೆ ಇಟ್ಟು ಮನೆಯವರೆಲ್ಲ ದೂರ ಸರಿದು ನಿಂತಿದ್ದರು. ಹೋಳಿಗೆ, ಅನ್ನ, ಒಂದು ಕಪ್ ಚಹಾ, ಚಿಟಿಕೆ ತಂಬಾಕು. ಕಾಗೆ ಮುಟ್ಟಬೇಕು, ಮುಟ್ಟಿದ ಎಡೆಯ ತುತ್ತು ಮೊದಲು ಮಕ್ಕಳ ಬಾಯಿಗೆ, ಆಮೇಲೆ ದೊಡ್ಡವರ ಊಟ. ಕಾಗೆಗಳು ಜಾಲಿಗಿಡದಲ್ಲಿ ಕೂತು ನೋಡುತ್ತಿದ್ದವು, ಇಳಿಯುತ್ತಿರಲಿಲ್ಲ.

"ಯವ್ವಾ, ನಿನ್ನ ಎಮ್ಮಿ ಮಾರೂದಿಲ್ಲ, ಬಾ," ಎಂದು ಮಗ ಬಸವಂತ ಕೈಮುಗಿದ.

"ಇದ್ದಾಗೂ ಕರದ ಕೂಡ್ಲೇ ಎಲ್ಲಿ ಬರತಿದ್ಳು ಬಿಡು," ಎಂದಳು ಮಗಳು ಸಾರಿಕಾ. ಯಾರೋ ನಕ್ಕರು.

ಬಸವಂತನ ಹೆಂಡತಿ ಕೋಮಲ ನಗಲಿಲ್ಲ. ಅತ್ತೂ ಇರಲಿಲ್ಲ. ಎಮ್ಮೆ ಹಿಂಡಿದ್ದಳು, ನೀರು ತಂದಿದ್ದಳು, ಬಂದವರಿಗೆಲ್ಲ ಚಹಾ ಕಾಸಿದ್ದಳು. ಮುದುಕಿ ಕಡೆಗೆ ಬೇಡಿದ್ದೇನು ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು: ಬೇಲಿಯ ಕಾಡುತೊಂಡೆ ಎಲೆಯ ಪಲ್ಯ. "ನಾಳಿ ಮಾಡತೇನ್ರಿ ಅತ್ತಿ," ಎಂದಿದ್ದಳು.

ಹಸಿದ ಮಕ್ಕಳು ಹೋಳಿಗೆಯ ಬುಟ್ಟಿಯನ್ನೇ ನೋಡುತ್ತಿದ್ದವು. ಕೋಮಲ ದಂಡೆಗೆ ಹತ್ತಿದ, ನೆರೆಯ ಬಾಬಾಸಾಹೇಬರ ಕಬ್ಬಿನ ಹೊಲದ ಕಡೆ ನಡೆದಳು. ಬೇಲಿಯ ತುಂಬ ತೊಂಡೆ ಬಳ್ಳಿ ಹಸಿರಾಗಿಯೇ ಹಬ್ಬಿತ್ತು. ಸೆರಗು ಒಡ್ಡಿ ಎಳೆಯ ಎಲೆ ಹರಿಯತೊಡಗಿದಳು. ಬದುವಿನಿಂದ ಬಾಬಾಸಾಹೇಬರು ಕೂಗಿದರು.

"ಏ ತಂಗಿ, ಹರೀಬ್ಯಾಡ! ನಿನ್ನಿ ಸಂಜಿಗೆ ಕಸ ಸಾಯೂ ಎಣ್ಣಿ ಹೊಡದೇನಿ."

"ಹಸರ ಐತಲ್ರಿ ಕಾಕಾ."

"ಇನ್ನ ನಾಕ ದಿನಕ್ಕ ಒಣಗತೈತಿ. ತಾ ಸತ್ತದ್ದು ಅದಕ್ಕಿನ್ನಾ ಎಲ್ಲಿ ಗೊತ್ತಾಗೈತಿ?"

ಅವರು ಹೋದರು. ಹೊಳೆಯಲ್ಲಿ ತೊಳೆದರಾಯಿತು, ತಿನ್ನುವುದು ಕಾಗೆ ತಾನೆ, ಎಂದುಕೊಂಡಳು ಕೋಮಲ. ಮೊದಲ ತುತ್ತು ಮಕ್ಕಳ ಬಾಯಿಗೆ ಎಂಬುದು ಆಮೇಲೆ ನೆನಪಾಯಿತು. ಸೆರಗು ಕೊಡವಿದಳು. ಮೊಣಕೈವರೆಗೆ ಕೈ ತೊಳೆದು ಬಂದು ಕಲ್ಲಿನ ಮುಂದೆ ನಿಂತಳು.

"ಅತ್ತೀ, ತೊಂಡಿ ತಪ್ಪಲ ಸಿಗಲಿಲ್ರಿ. ಎಣ್ಣಿ ಹೊಡದಾರ."

ಕಾಗೆ ಇಳಿಯಲಿಲ್ಲ. ಬಿಸಿಲು ಏರಿತು. ಕಡೆಗೆ ಬಸವಂತ ಎಡೆಯೆತ್ತಿ, ದಂಡೆಯಲ್ಲಿ ಮೇಯುತ್ತಿದ್ದ ಆಕಳಿಗೆ ತಿನ್ನಿಸಿದ. ಹಂಗೂ ನಡಿತೈತಿ ಎಂದರು ಹಿರಿಯರು. ಎಲ್ಲರೂ ಉಣ್ಣಲು ಕೂತರು.

"ವೈನಿ, ಸಾರಿಗೆ ಉಪ್ಪ ಸರಿ ಐತೇನ?" ಸಾರಿಕಾ ಕೇಳಿದಳು.

ಕೋಮಲ ಇನ್ನೊಂದು ತುತ್ತು ಬಾಯಿಗಿಟ್ಟು ನೋಡಿದಳು. ನಾಲಿಗೆಗೆ ಉಪ್ಪೂ ತಿಳಿಯಲಿಲ್ಲ, ಖಾರವೂ ತಿಳಿಯಲಿಲ್ಲ. ಆಮೇಲೆ ಸುತ್ತ ನೋಡಿದಳು. ಎಲ್ಲರೂ ಉಣ್ಣುತ್ತಿದ್ದರು.

"ಐತಿ," ಎಂದಳು.